ಇಳಿಜಾರು ಇಳಿದ ಮೇಲೆ ತೊಡೆ ನೋಯುವುದೇಕೆ?



ನೀಲಗಿರಿಯ ಅವಲಾಂಚ್ ಕಡೆ ಬೆಟ್ಟ ಹತ್ತಿಳಿದು ಬಂದವರನ್ನು ಕೇಳಿ ನೋಡಿ. ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದ ಆ ಸೀಮೆಯಲ್ಲಿ ಏರುವಾಗ ಏದುಸಿರು, ಇಳಿಯುವಾಗ ಸಲೀಸು. ಆದರೆ ಮರುದಿನ ತೊಡೆ ಹಿಡಿದುಕೊಳ್ಳುವುದು ಹೆಚ್ಚಾಗಿ ಇಳಿದದ್ದರಿಂದಲೇ! ಕಟಾವಿನ ಮೊದಲ ವಾರದ ಮೈಕೈ ನೋವಿನ ಗುಟ್ಟೂ ಇದರಲ್ಲೇ ಇದೆ.

ಸ್ನಾಯು ಎಳೆಯಬಲ್ಲದೇ ಹೊರತು ನೂಕಲಾರದು. ಆದ್ದರಿಂದ ಅವು ಜೋಡಿಯಾಗಿ ದುಡಿಯುತ್ತವೆ. ಇಬ್ಬರು ಹಿಡಿದ ಗರಗಸದಲ್ಲಿ ಒಬ್ಬ ಎಳೆದಾಗ ಇನ್ನೊಬ್ಬ ಸಡಿಲ ಬಿಡುವಂತೆ, ತೋಳು ಮಡಿಸುವಾಗ ಮುಂದಿನ ಸ್ನಾಯು ಎಳೆಯುತ್ತದೆ, ಹಿಂದಿನದು ಸಡಿಲುತ್ತದೆ. ಚಾಚುವಾಗ ಸರದಿ ಬದಲಾಗುತ್ತದೆ.

ಸ್ನಾಯುವಿನೊಳಗೆ ಆಕ್ಟಿನ್, ಮಯೋಸಿನ್ ಎಂಬ ಸೂಕ್ಷ್ಮ ಎಳೆಗಳಿವೆ. ನರದ ಆಜ್ಞೆ ಬಂದೊಡನೆ ಮಯೋಸಿನ್ ಎಳೆಯ ಕೊಕ್ಕೆಗಳು ಆಕ್ಟಿನ್ ಎಳೆಯನ್ನು ಹಿಡಿದು ಜಗ್ಗುತ್ತವೆ. ಎಳೆಗಳು ಕುಗ್ಗುವುದಿಲ್ಲ, ಒಂದರ ಪಕ್ಕ ಒಂದು ಜಾರಿ ಸ್ನಾಯು ಗಿಡ್ಡವಾಗುತ್ತದೆ. 1954ರಲ್ಲಿ ಹಕ್ಸ್ಲಿ ಎಂಬ ಒಂದೇ ಮನೆತನದ ಹೆಸರಿನ ಇಬ್ಬರು ವಿಜ್ಞಾನಿಗಳು, ಬೇರೆಬೇರೆಯಾಗಿ, ಇದನ್ನು ಜಗತ್ತಿಗೆ ತಿಳಿಸಿದರು.

ಇಳಿಯುವಾಗಲಾದರೋ, ತೊಡೆಯ ಮುಂಭಾಗದ ಸ್ನಾಯು ಬಿಗಿಹಿಡಿದುಕೊಂಡೇ ಉದ್ದವಾಗಬೇಕು; ತುಂಬಿದ ಗಾಡಿಗೆ ಇಳಿಜಾರಿನಲ್ಲಿ ಬ್ರೇಕು ಹಿಡಿದಂತೆ. ಆಗ ಸೂಕ್ಷ್ಮ ಎಳೆಗಳು ಅಲ್ಲಲ್ಲಿ ಹರಿಯುತ್ತವೆ. ನೋವು ಒಂದರಿಂದ ಮೂರು ದಿನದೊಳಗೆ ಏರಿ, ಬಳಿಕ ಇಳಿಯುತ್ತದೆ. ಇದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣವೆಂಬುದು ತಪ್ಪು. ಅದು ಕೆಲಸ ನಿಂತ ಒಂದೆರಡು ಗಂಟೆಯಲ್ಲೇ ತೊಲಗುತ್ತದೆ. ಕಬ್ಬಿನ ಬುಡಕ್ಕೆ ಬಾಗುವಾಗ ಬೆನ್ನಿಗೂ, ಹೊರೆ ಇಳಿಸುವಾಗ ತೋಳಿಗೂ ಇದೇ ಗತಿ.

ಮಾಡಬೇಕಾದುದೇನು? ಮೊದಲ ಮೂರು ನಾಲ್ಕು ದಿನ ಅರ್ಧ ಕೆಲಸ, ಸಣ್ಣ ಹೊರೆ. ಹೊರೆಯನ್ನು ಇಬ್ಬರು ಹಿಡಿದು ಇಳಿಸಿ. ಒಮ್ಮೆ ಹದವಾಗಿ ದುಡಿದ ಸ್ನಾಯು ಮುಂದೆ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ನೋವಿದ್ದಾಗ ಮಲಗಿಬಿಡದೆ ಹಗುರವಾಗಿ ಓಡಾಡಿ. ಬಾಯಾರಲು ಬಿಡದೆ ನೀರು ಕುಡಿಯಿರಿ.

ಒಂದು ಎಚ್ಚರಿಕೆ: ತೀವ್ರ ನೋವು, ಬಾವಿನೊಡನೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಆ ದಿನವೇ ಆಸ್ಪತ್ರೆಗೆ ಹೋಗಿ. ಸ್ನಾಯು ವಿಪರೀತ ಒಡೆದು ಮೂತ್ರಪಿಂಡಕ್ಕೆ ಅಪಾಯವಾಗಿರಬಹುದು. ಅಂಗಡಿಯ ನೋವಿನ ಮಾತ್ರೆ ನುಂಗಿ ಕಾಯುವುದು ಇನ್ನಷ್ಟು ಕೆಡುಕು.

ಎಳೆಯ ಹೋರಿಯನ್ನು ಮೊದಲ ದಿನವೇ ತುಂಬು ಗಾಡಿಗೆ ಹೂಡುವ ರೈತನಿಲ್ಲ. ನಿಮ್ಮ ಮೈಗೂ, ನಿಮ್ಮ ಹೊಲದ ಕಟಾವಿನ ಆಳಿಗೂ ಅದೇ ನ್ಯಾಯವಿರಲಿ.