ಕಾರಿನ ಹೆಡ್‌ಲೈಟಿಗೆ ಎಂಥ ಬಲ್ಬು?

ರಾತ್ರಿ ರಸ್ತೆಯಂಚಿನಲ್ಲಿ ನಡೆದು ಬರುವಾಗ ಎದುರು ಬಂದ ಕಾರಿನ ಬೆಳಕು ಕಣ್ಣಿಗೆ ರಾಚಿ, ಮುಂದಿನ ಗುಂಡಿಯೂ ಕಾಣದೆ ನೀವು ನಿಂತುಬಿಟ್ಟಿದ್ದೀರಾ? ಚಾಲಕ ಡಿಪ್ ಮಾಡಲಿಲ್ಲ ಎಂದು ಬೈದುಕೊಳ್ಳುತ್ತೇವೆ. ಕೆಲವೊಮ್ಮೆ ಅವನು ಡಿಪ್ ಮಾಡಿಯೇ ಇರುತ್ತಾನೆ, ತಪ್ಪು ಬಲ್ಬಿನದು.

ಅನೇಕ ಕಾರುಗಳಲ್ಲಿ ಎಚ್4 ಎಂಬ ಹ್ಯಾಲೋಜನ್ ಬಲ್ಬು ಇರುತ್ತದೆ. ಗ್ಯಾರೇಜಿನಿಂದ ಸುಟ್ಟುಹೋದದ್ದೊಂದನ್ನು ತಂದು ನಿಮ್ಮ ಶಿಕ್ಷಕರೊಂದಿಗೆ ನೋಡಿ. (ಒಡೆಯಬೇಡಿ, ಒಳಗಿನ ಅನಿಲ ಒತ್ತಡದಲ್ಲಿರುತ್ತದೆ.) ಅದರಲ್ಲಿ ಟಂಗ್‌ಸ್ಟನ್ ತಂತಿಯ ಎರಡು ಸುರುಳಿಗಳಿರುತ್ತವೆ. ಒಂದರ ಕೆಳಗೆ ಮಾತ್ರ ಪುಟ್ಟ ದೋಣಿಯಂಥ ಲೋಹದ ತಗಡು. ಡಿಪ್ ಮಾಡಿದಾಗ ಉರಿಯುವುದು ಈ ಸುರುಳಿ. ತಗಡು ಅಡ್ಡವಿರುವುದರಿಂದ ಬೆಳಕು ಪ್ರತಿಫಲಕದ ಮೇಲರ್ಧಕ್ಕೆ ಮಾತ್ರ ಬಿದ್ದು, ಅಲ್ಲಿಂದ ಕೆಳಮುಖವಾಗಿ ರಸ್ತೆಗೆ ಹೊರಳುತ್ತದೆ. ಎದುರಿನವರ ಕಣ್ಣಿಗೆ ಹೊಡೆಯುವುದಿಲ್ಲ. ಎಷ್ಟು ಸರಳ ಉಪಾಯ ನೋಡಿ! ಆದರೆ ಸುರುಳಿಯ ಜಾಗ ಒಂದೆರಡು ಮಿಲಿಮೀಟರ್ ಸರಿದರೂ ಬೆಳಕು ದಾರಿ ತಪ್ಪುತ್ತದೆ. ಅದಕ್ಕೇ ಬಲ್ಬಿನ ಬುಡದ ಬಳೆಗೆ ಮೂರು ಕಿವಿಗಳು. ಅದು ಒಂದೇ ರೀತಿಯಲ್ಲಿ ಕೂರುತ್ತದೆ. ಇದೇ ಜಾಗಕ್ಕೆ ಎಲ್‌ಇಡಿ ಬಲ್ಬು ತುರುಕಿದರೆ ಬೆಳಕು ಹೊರಡುವ ಜಾಗ, ಆಕಾರ ಎರಡೂ ಬದಲಾಗಿ ಬೆಳಕು ಚದುರಬಹುದು.

ಇನ್ನು ಬಲ್ಬಿನ ಮೇಲಿನ ಬರಹ: 12 ವೋಲ್ಟ್, 60/55 ವಾಟ್. ಬ್ರೈಟ್‌ಗೆ 60, ಡಿಪ್‌ಗೆ 55. 60ನ್ನು 12ರಿಂದ ಭಾಗಿಸಿ. ತಂತಿಯಲ್ಲಿ 5 ಆಂಪಿಯರ್ ವಿದ್ಯುತ್ ಹರಿಯುತ್ತದೆ. ಹೆಚ್ಚು ಬೆಳಕಿನಾಸೆಗೆ 100 ವಾಟಿನದು ಹಾಕಿದರೆ 8.3 ಆಂಪಿಯರ್. ತಂತಿಯ ಬಿಸಿ ವಿದ್ಯುತ್ತಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಸುಮಾರು 2.8 ಪಟ್ಟಾಗುತ್ತದೆ. ತಂತಿ ಮಾತ್ರ ಹಳೆಯದೇ! ನಾನೂ ಒಮ್ಮೆ ಈ ಆಸೆಗೆ ಬಿದ್ದು ಹೋಲ್ಡರ್ ಕರಗಿಸಿಕೊಂಡಿದ್ದೇನೆ. ಆ ಸುಟ್ಟ ವಾಸನೆ ಇನ್ನೂ ನೆನಪಿದೆ. ಲಾರಿಯ 24 ವೋಲ್ಟಿನ ಬಲ್ಬು ಕಾರಿಗೆ ಹಾಕಿದರೆ ಮಂಕಾಗಿ ಉರಿಯುತ್ತದೆ, ಅಷ್ಟೆ.

ಹೊಸ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಏಕೆ? ಕಾದ ಟಂಗ್‌ಸ್ಟನ್ ನಿಧಾನವಾಗಿ ಆವಿಯಾಗುತ್ತದೆ. ಹಳೆಯ ಕಾಲದ ಬಲ್ಬುಗಳಲ್ಲಿ ಆ ಆವಿ ಗಾಜಿಗಂಟಿ ಕಪ್ಪಾಗುತ್ತಿತ್ತು. ಇಲ್ಲಿ ಒಳಗಿರುವ ಬ್ರೋಮಿನ್ ಅಥವಾ ಅಯೋಡಿನ್ ಅದನ್ನು ಹಿಡಿದು ಮತ್ತೆ ಸುರುಳಿಗೇ ತಂದು ಬಿಡುತ್ತದೆ. ಈ ಕೆಲಸ ನಡೆಯಲು ಗಾಜು 250 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿಯಾಗಿರಬೇಕು. ಬೆರಳಿನ ಜಿಡ್ಡು ಅಂಟಿದ ಕಡೆ ಬಿಸಿ ಇನ್ನೂ ಹೆಚ್ಚಿ ಗಾಜು ಸೀಳಬಹುದು. ಬುಡ ಹಿಡಿದೇ ಕೂರಿಸಬೇಕು. ಕೈ ತಾಗಿದರೆ ಸ್ಪಿರಿಟ್‌ನಲ್ಲಿ ಒರೆಸಬೇಕು.

ಬಲ್ಬು ಸರಿಯಾಗಿ ಕೂತಿದೆಯೇ? ಸಂಜೆಗತ್ತಲಲ್ಲಿ ಸಮತಟ್ಟಾದ ಜಾಗದಲ್ಲಿ, ಗೋಡೆಗೆ ಎದುರಾಗಿ ಕಾರು ನಿಲ್ಲಿಸಿ ಡಿಪ್ ಹಾಕಲು ದೊಡ್ಡವರಿಗೆ ಹೇಳಿ. ಬೆಳಕಿನ ಮೇಲಂಚಿನಲ್ಲಿ ಸ್ಪಷ್ಟ ಗೆರೆ ಕಾಣಬೇಕು. ಆ ಗೆರೆ ಎಡಕ್ಕೆ ತುಸು ಮೇಲೇರಿರುತ್ತದೆ. ರಸ್ತೆಯ ಎಡ ಅಂಚಿನಲ್ಲಿ ಸೈಕಲ್ ತುಳಿಯುವವರು, ನಡೆಯುವವರು ಚಾಲಕನಿಗೆ ದೂರದಿಂದಲೇ ಕಾಣಲೆಂದು ಹಾಗೆ ಮಾಡಿದ್ದಾರೆ.