ಗ್ರಾಮ ಗ್ರಂಥಾಲಯದಲ್ಲಿ ವಯಸ್ಕರ ಅಕ್ಷರಾಭ್ಯಾಸ

ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಔಷಧವನ್ನೇ ನೋಡೋಣ. ಹಸುಗೂಸುಗಳಿಗೆಂದು ತಯಾರಾಗುವ ಹನಿ ಔಷಧದ 1 ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಔಷಧಾಂಶವಿರುತ್ತದೆ. ದೊಡ್ಡ ಮಕ್ಕಳ ಸಿರಪ್ಪಿನಲ್ಲಾದರೋ 5 ಮಿಲಿಲೀಟರಿಗೆ 125 ಅಥವಾ 250 ಮಿಲಿಗ್ರಾಂ ಇರುತ್ತದೆ. ಒಂದನ್ನು ಇನ್ನೊಂದೆಂದು ಭಾವಿಸಿ ಹನಿ ಔಷಧವನ್ನೇ 5 ಮಿಲಿಲೀಟರು ಕುಡಿಸಿದರೆ ಮಗುವಿನ ಹೊಟ್ಟೆಗೆ 500 ಮಿಲಿಗ್ರಾಂ ಸೇರುತ್ತದೆ. 10 ಕಿಲೋಗ್ರಾಂ ತೂಕದ ಮಗುವಿಗೆ ಒಂದು ಬಾರಿಗೆ ಸಲ್ಲುವುದು ಸುಮಾರು 150 ಮಿಲಿಗ್ರಾಂ ಮಾತ್ರ. ದಿನಕ್ಕೆ ನಾಲ್ಕು ಬಾರಿಯಂತೆ ಎರಡು ಮೂರು ದಿನ ಹೀಗೆ ನಡೆದರೆ ಮಗುವಿನ ಯಕೃತ್ತಿಗೆ ತೀವ್ರ ಅಪಾಯವುಂಟಾಗಬಹುದು. ಸೀಸೆಯ ಮೇಲಿನ ಬರಹ ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ, ನಿಜ. ಆದರೆ ಅಂಕಿಗಳನ್ನು ಗುರುತಿಸಬಲ್ಲ ತಾಯಿಯು 100ಕ್ಕೂ 125ಕ್ಕೂ ಇರುವ ವ್ಯತ್ಯಾಸವನ್ನು ಕಂಡು, ಕುಡಿಸುವ ಮೊದಲು ಒಮ್ಮೆ ವಿಚಾರಿಸಬಲ್ಲಳು. ಔಷಧ ವಿತರಿಸುವವರು ಪ್ರಮಾಣವನ್ನು ಕನ್ನಡದಲ್ಲಿ ಬರೆದುಕೊಡತಕ್ಕದ್ದು ಅವಶ್ಯ. ಬರೆದುಕೊಟ್ಟ ಮೇಲೆ ಅದನ್ನು ಓದುವವರೂ ಮನೆಯಲ್ಲಿರಬೇಕಷ್ಟೆ. ವಯಸ್ಕರ ಅಕ್ಷರಾಭ್ಯಾಸವು ಶಿಕ್ಷಣ ಇಲಾಖೆಗೆ ಮಾತ್ರ ಸೇರಿದ ವಿಷಯವೆಂದು ನಾವು ವೈದ್ಯರು ಸುಮ್ಮನಿರಲಾಗದು.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಪುರುಷರ ಸಾಕ್ಷರತೆ ಶೇಕಡಾ 82.47, ಸ್ತ್ರೀಯರದು ಶೇಕಡಾ 68.08. ಮಕ್ಕಳ ಲಾಲನೆ ಪಾಲನೆಯ ಹೊಣೆಯನ್ನು ಹೆಚ್ಚಾಗಿ ಹೊತ್ತವರಲ್ಲಿಯೇ ಅಕ್ಷರಬಲ್ಲವರು ಕಡಿಮೆ ಎಂಬುದು ಇದರಿಂದ ವಿದಿತವಾಗುತ್ತದೆ. ಇಂಥವರಿಗಾಗಿ 2022ರಿಂದ 2027ರವರೆಗಿನ ಅವಧಿಗೆ ಕೇಂದ್ರ ಸರ್ಕಾರವು ನವಭಾರತ ಸಾಕ್ಷರತಾ ಕಾರ್ಯಕ್ರಮವನ್ನು ರೂಪಿಸಿತು. 15 ವರ್ಷ ಮೇಲ್ಪಟ್ಟ ಯಾರಾದರೂ ಕಲಿಯಬಹುದು. ಕಲಿಸುವವರು ಸಂಬಳವಿಲ್ಲದ ಸ್ವಯಂಸೇವಕರು.

ಕಲಿಕೆ ಎಲ್ಲಿ ನಡೆಯಬೇಕು? ಶಾಲೆಯಲ್ಲಿ ಕುಳಿತರೆ ಮಕ್ಕಳ ಬೆಂಚು, ಮಕ್ಕಳ ಮುಂದೆ ಸಂಕೋಚ. ಆರೋಗ್ಯ ಕೇಂದ್ರಕ್ಕೆ ಬಂದರೆ ಕಾಯಿಲೆಯೇ ಕಾರಣವೆಂದು ಊರು ಭಾವಿಸುತ್ತದೆ. ಗ್ರಂಥಾಲಯಕ್ಕೆ ಹೋಗಲು ಮಾತ್ರ ಯಾರಿಗೂ ಕಾರಣ ಹೇಳಬೇಕಾಗಿಲ್ಲ. 1965ರಲ್ಲಿ ಅಂಗೀಕೃತವಾದ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದನ್ವಯ ನಮ್ಮ ರಾಜ್ಯದಲ್ಲಿ ಸ್ವತ್ತಿನ ತೆರಿಗೆಯೊಡನೆ ಗ್ರಂಥಾಲಯ ಕರವೂ ಸಂಗ್ರಹವಾಗುತ್ತದೆ. ಅಕ್ಷರ ಬಾರದವರ ಮನೆಯ ಕಂದಾಯವೂ ಅದರಲ್ಲಿ ಸೇರಿದೆಯೆಂಬುದನ್ನು ಮರೆಯಲಾಗದು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಧೀನಕ್ಕೆ ಬಂದವು; ಈಗ ಅವುಗಳಿಗೆ ಅರಿವು ಕೇಂದ್ರಗಳೆಂಬ ಹೆಸರೂ ಇದೆ. ಆದರೆ ಬೆಳಗ್ಗೆ ಮತ್ತು ಸಂಜೆ ಮಾತ್ರ ಬಾಗಿಲು ತೆರೆದರೆ ಗೃಹಿಣಿಯರಿಗೆ ಪ್ರಯೋಜನವಿಲ್ಲ. ಊಟದ ಪಾತ್ರೆ ತೊಳೆದ ಮೇಲೆ ದನಕ್ಕೆ ನೀರಿಡುವವರೆಗೆ ದೊರೆಯುವ ಒಂದೂವರೆ ಗಂಟೆಯೇ ಅವರ ಬಿಡುವು. ಕೂಲಿಗೆ ಹೋಗುವವರಿಗೆ ಅದೂ ಇಲ್ಲ. ಅವರಿಗೆ ರಾತ್ರಿಯೇ ಆಗಬೇಕು.

ಇನ್ನು ಕಲಿಯುವವರ ಕಣ್ಣಿನ ವಿಚಾರ. ಇದರ ಕಡೆಗೆ ಗಮನ ಅತ್ಯಲ್ಪವಾದುದರಿಂದ ತುಸು ವಿಸ್ತಾರವಾಗಿ ಹೇಳುವುದು ಯುಕ್ತ. ನಲವತ್ತು ವರ್ಷ ದಾಟಿದ ಮೇಲೆ ಕಣ್ಣಿನೊಳಗಿನ ಮಸೂರವು ತನ್ನ ಸ್ಥಿತಿಸ್ಥಾಪಕತ್ವವನ್ನು ಕ್ರಮೇಣ ಕಳೆದುಕೊಳ್ಳುತ್ತದೆ. ದೂರದ ತೆಂಗಿನ ಮರ ಸ್ಪಷ್ಟವಾಗಿ ಕಾಣುತ್ತದೆ. ಕೈಯಲ್ಲಿರುವ ಪುಸ್ತಕ ಮಸುಕಾಗುತ್ತದೆ. ಜನರು ಇದನ್ನು ಚಾಳೀಸು ಎನ್ನುತ್ತಾರೆ. ಇದು ರೋಗವಲ್ಲ, ವಯೋಧರ್ಮ. ಓದುಬಲ್ಲವನು ಪತ್ರಿಕೆ ಮಸುಕಾದೊಡನೆ ಕನ್ನಡಕ ಕೊಳ್ಳುತ್ತಾನೆ. ಎಂದೂ ಓದದವರಿಗೆ ದೃಷ್ಟಿ ಕುಂದಿರುವುದೇ ತಿಳಿದಿರುವುದಿಲ್ಲ. ಅಕ್ಕಿಯಲ್ಲಿನ ಕಲ್ಲು ಆರಿಸಲು, ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಾರೆ. ಇಂಥವರನ್ನು ಪುಸ್ತಕದ ಮುಂದೆ ಕುಳ್ಳಿರಿಸಿದರೆ ಅರ್ಧ ಗಂಟೆಯಲ್ಲಿ ಹಣೆನೋವು ಬರುತ್ತದೆ. ‘ಈ ವಯಸ್ಸಿನಲ್ಲಿ ನನ್ನ ತಲೆಗೆ ಹತ್ತುವುದಿಲ್ಲ ಸ್ವಾಮಿ’ ಎಂದು ಎದ್ದುಹೋಗುತ್ತಾರೆ. ತಲೆಯಲ್ಲಿ ದೋಷವಿರುವುದಿಲ್ಲ, ಒಂದು ಸಾಮಾನ್ಯ ಕನ್ನಡಕದ ಕೊರತೆಯಿರುತ್ತದೆ. ಆದ ಕಾರಣ ಮೊದಲ ಪಾಠಕ್ಕೆ ಮುಂಚೆಯೇ ನಲವತ್ತು ದಾಟಿದ ಕಲಿಕಾರ್ಥಿಗಳೆಲ್ಲರನ್ನೂ ನೇತ್ರಾಧಿಕಾರಿಯ ಬಳಿಗೆ ಕಳುಹಿಸತಕ್ಕದ್ದು. ಕಣ್ಣಿನ ಪೊರೆ ಇದ್ದರೆ ಅದೂ ಆಗಲೇ ಗೊತ್ತಾಗುತ್ತದೆ. ದೀಪವು ಕಲಿಯುವವರ ಎಡಭಾಗದಿಂದಲೋ ಹಿಂದಿನಿಂದಲೋ ಬೀಳುವಂತಿದ್ದರೆ ಬರೆಯುವ ಕೈಯ ನೆರಳು ಅಡ್ಡ ಬಾರದು.

ಸ್ವಯಂಸೇವಕರಾಗಿ ನಿವೃತ್ತ ಉಪಾಧ್ಯಾಯರು ಉತ್ಸಾಹದಿಂದ ಬರುತ್ತಾರೆ. ಅವರಲ್ಲಿ ಕೆಲವರು ಕೈಯಲ್ಲಿ ಬೆತ್ತವಿಲ್ಲದಿದ್ದರೂ ದನಿಯಲ್ಲಿ ಬೆತ್ತ ಹಿಡಿದಿರುತ್ತಾರೆ. ಪದವಿಪೂರ್ವ ತರಗತಿ ಮುಗಿಸಿದ ಹುಡುಗಿಯರು ‘ಅಕ್ಕ’, ‘ದೊಡ್ಡಮ್ಮ’ ಎಂದು ಸಂಬೋಧಿಸಿ, ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತು ಕಲಿಸಿದರೆ ಕೆಲಸ ಸುಗಮವಾಗುತ್ತದೆಂಬುದು ನನ್ನ ಅಭಿಪ್ರಾಯ. ಒಬ್ಬರಿಗೆ ಮೂವರಿಗಿಂತ ಹೆಚ್ಚು ಕಲಿಕಾರ್ಥಿಗಳು ಬೇಡ. ವರ್ಣಮಾಲೆಯ 49 ಅಕ್ಷರಗಳನ್ನು ಮೊದಲಿನಿಂದ ಕಡೆಯವರೆಗೆ ಕಂಠಪಾಠ ಮಾಡಿಸುವುದು ವಯಸ್ಕರಿಗೆ ಹಿಡಿಸದು. ರ, ಗ, ಸ, ದ, ಅ ಎಂಬ ಐದು ಅಕ್ಷರಗಳು ಬಂದರೆ ಸರ, ದರ, ರಸ, ಅರಸ, ಅಗಸ ಎಂಬ ಮಾತುಗಳನ್ನು ಮೊದಲ ವಾರದಲ್ಲಿಯೇ ಓದಬಹುದು. ಒತ್ತಕ್ಷರಗಳಲ್ಲಿ ಮಾತ್ರ ಅವಸರ ಸಲ್ಲದು. ಬಹುಮಂದಿ ನಿಂತುಹೋಗುವುದು ಅಲ್ಲಿಯೇ. ಸಾಮಾನ್ಯವಾಗಿ 200 ಗಂಟೆಗಳ ಕಲಿಕೆಯನ್ನು ನಿಗದಿಪಡಿಸಲಾಗಿದೆ. ದಿನಕ್ಕೆ ಒಂದು ಗಂಟೆಯಂತೆ ವಾರಕ್ಕೆ ಐದು ದಿನ ಕಲಿತರೂ ಒಂಬತ್ತು ತಿಂಗಳು ಬೇಕು. ಸುಗ್ಗಿಯ ಕಾಲದಲ್ಲಿ ಹಾಜರಿ ತಪ್ಪುವುದನ್ನು ಕಲಿಸುವವರು ಅಪರಾಧವೆಂದೆಣಿಸಬಾರದು.

ಅಕ್ಷರಗಳು ಕೂಡಿಬಂದ ಮೇಲೆ ತಾಯಿ ಕಾರ್ಡನ್ನೇ ಪಠ್ಯವಾಗಿ ಬಳಸಬಹುದು. ಮಗುವಿಗೆ 6, 10 ಮತ್ತು 14ನೆಯ ವಾರಗಳಲ್ಲಿ ಹಾಕಿಸಬೇಕಾದ ಲಸಿಕೆಗಳ ದಿನಾಂಕವನ್ನು ತಾಯಿಯೇ ಹುಡುಕಲಿ. ಓ.ಆರ್.ಎಸ್. ಪೊಟ್ಟಣದ ಮೇಲೆ ‘1 ಲೀಟರ್’ ಎಂದಿರುವುದನ್ನು ಓದಲಿ. ಆ ಇಡೀ ಪೊಟ್ಟಣವನ್ನು ಒಂದೇ ಲೋಟ ನೀರಿಗೆ ಬೆರೆಸಿದರೆ ಉಪ್ಪಿನಂಶ ಮಿತಿಮೀರಿ ಕೂಸಿಗೆ ಕೇಡಾಗುತ್ತದೆ. ಗರ್ಭನಿರೋಧಕ ಮಾತ್ರೆಯಾದ ‘ಛಾಯಾ’ವನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು ನಿಗದಿತ ದಿನಗಳಂದು, ಅನಂತರ ವಾರಕ್ಕೆ ಒಂದೇ ದಿನ ಸೇವಿಸತಕ್ಕದ್ದು. ಕ್ಯಾಲೆಂಡರಿನಲ್ಲಿ ತಾನೇ ಗುರುತು ಹಾಕಿಕೊಳ್ಳಬಲ್ಲ ಸ್ತ್ರೀಗೆ ಇದು ಸುಲಭ. ಮತ್ತೊಬ್ಬರನ್ನು ಕೇಳಿ ಗುರುತು ಹಾಕಿಸಿಕೊಳ್ಳಬೇಕಾದವಳು ತನ್ನ ದಾಂಪತ್ಯದ ಗುಟ್ಟನ್ನು ನೆರೆಮನೆಗೆ ತಿಳಿಸಬೇಕಾಗುತ್ತದೆ; ಅದಕ್ಕೆ ನಾಚಿ ಮಾತ್ರೆಯನ್ನೇ ಬಿಟ್ಟುಬಿಡುವ ಸಂಭವವುಂಟು.

ಶಾಲೆಗೆ ಹೋಗುವ ಮಗ ಅಥವಾ ಮಗಳು ಓದಿ ಹೇಳುತ್ತಾರಲ್ಲ ಎಂದು ಕೆಲವರು ಕೇಳಬಹುದು. ಎಂಟು ವರ್ಷದ ಮಗುವಿನ ಮೇಲೆ ಔಷಧದ ಲೆಕ್ಕದ ಹೊರೆ ಹೊರಿಸುವುದು ನ್ಯಾಯವಲ್ಲ. ಕಥೆಯ ಪುಸ್ತಕದ ವಿಷಯ ಬೇರೆ. ಗ್ರಂಥಾಲಯದಿಂದ ದಪ್ಪ ಅಕ್ಷರದ ಒಂದು ಪುಸ್ತಕವನ್ನು ಮನೆಗೆ ತಂದು, ಒಂದು ಪುಟವನ್ನು ತಾಯಿಯೂ ಮರುಪುಟವನ್ನು ಮಗುವೂ ಓದಿದರೆ ಇಬ್ಬರಿಗೂ ಅಭ್ಯಾಸವಾಗುತ್ತದೆ. ತಾಯಿ ತಡವರಿಸಿದಾಗ ಮಗು ನಗಬಹುದು, ನಗಲಿ. ತಂದೆ ನಗದಂತೆ ಮಾತ್ರ ಮನೆಯ ಹಿರಿಯರು ನೋಡಿಕೊಳ್ಳಬೇಕು.

ಕಲಿಯಲು ಅಥವಾ ಕಲಿಸಲು ಇಚ್ಛೆಯುಳ್ಳವರು ತಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮೇಲ್ವಿಚಾರಕರಲ್ಲಿ ವಿಚಾರಿಸಬಹುದು. ಆಶಾ ಕಾರ್ಯಕರ್ತೆಯರು ಮನೆಭೇಟಿಯ ಸಮಯದಲ್ಲಿ, ತಾಯಿ ಕಾರ್ಡಿಗೆ ಹೆಬ್ಬೆಟ್ಟು ಒತ್ತುವ ತಾಯಂದಿರಿಗೆ ಈ ವಿಷಯವನ್ನು ಏಕಾಂತದಲ್ಲಿ, ಅತ್ತೆ ಹಾಗೂ ನೆರೆಯವರು ಇಲ್ಲದಾಗ ತಿಳಿಸುವುದು ಉತ್ತಮ.