ಹೂತಿಟ್ಟ ಕರೆಗೋಲು

1940ರ ಏಪ್ರಿಲ್ 9ರಂದು ಜರ್ಮನಿಯು ಡೆನ್ಮಾರ್ಕ್, ನಾರ್ವೆಗಳೆರಡರ ಮೇಲೂ ಒಮ್ಮೆಗೇ ಎರಗಿದಾಗ, ನಡುವೆ ಸಿಲುಕಿದ ಸ್ವೀಡನ್ ತಾಟಸ್ಥ್ಯವನ್ನೇ ಕವಚವಾಗಿ ತೊಟ್ಟು ಉಳಿದುಕೊಂಡಿತೆಂಬುದು ಚರಿತ್ರೆಯ ಮಾತು; ಆ ಕವಚದ ಬಿರುಕುಗಳೂ ಚರಿತ್ರೆಯವೇ. ಅದೇ ಬೇಸಗೆಯಿಂದ ಜರ್ಮನ್ ಸೈನಿಕರು ಸ್ವೀಡನ್ನಿನ ರೈಲುಗಳಲ್ಲಿಯೇ ನಾರ್ವೆಗೆ ಹೋಗಿಬರತೊಡಗಿದರು. ನಾರ್ವೆಯ ಸೆರೆಮನೆಗಳಲ್ಲಿ ನಡೆದ ಚಿತ್ರಹಿಂಸೆಯನ್ನು ಪ್ರಕಟಿಸಿದ ಅಪರಾಧಕ್ಕಾಗಿ 1942ರ ಮಾರ್ಚಿನಲ್ಲಿ 17 ವೃತ್ತಪತ್ರಿಕೆಗಳನ್ನು ಸರ್ಕಾರವು ಮುಟ್ಟುಗೋಲು ಹಾಕಿಕೊಂಡಿತು. ಚಾಪ್ಲಿನ್ನನ ‘ದಿ ಗ್ರೇಟ್ ಡಿಕ್ಟೇಟರ್’ ಅಲ್ಲಿನ ತೆರೆಯನ್ನು ಕಂಡುದು 1945ರಲ್ಲಷ್ಟೆ.

ಹಿಟ್ಲರನ ಹೆಸರೆತ್ತದೆ ಹಿಟ್ಲರನನ್ನು ಕುರಿತು ನುಡಿಯಬೇಕಾದ ಈ ಇಕ್ಕಟ್ಟಿನಲ್ಲಿ, ಸ್ಮೋಲಾಂಡ್ ಪ್ರಾಂತದ ಬಡ ಸಿಪಾಯಿಯೊಬ್ಬನ ಮಗನಾದ ವಿಲ್ಹೆಲ್ಮ್ ಮೊಬೆರ್ಗನು ಮೂರು ಶತಮಾನ ಹಿಂದಕ್ಕೆ ಸರಿದು, 1650ರಲ್ಲಿ, ಕ್ರಿಸ್ಟೀನಾ ರಾಣಿಯ ಆಳ್ವಿಕೆಯಲ್ಲಿ, ತನ್ನ ಸೀಮೆಯ ರೈತರನ್ನು ಜರ್ಮನ್ ಮೂಲದ ಪ್ರಭುವೊಬ್ಬನು ಬಿಟ್ಟಿದುಡಿಮೆಗೆ ಎಳೆಯುವ ಕಥೆಯನ್ನು ಹೆಣೆದನು. ‘ರೀಡ್ ಇ ನಾಟ್’ ಎಂಬ ಆ ಕಾದಂಬರಿ 1941ರಲ್ಲಿ ಹೊರಬಂದಿತು. ಮರುವರ್ಷವೇ ಗುಸ್ತಾಫ್ ಮೊಲಾಂಡರನು ಅದನ್ನು ಚಲನಚಿತ್ರವಾಗಿಸಿದನು. 1936ರ ‘ಇಂಟರ್‌ಮೆಝೋ’ದಿಂದ ಇಂಗ್ರಿಡ್ ಬರ್ಗ್‌ಮನ್ನಳಿಗೆ ಹಾಲಿವುಡ್ಡಿನ ಬಾಗಿಲು ತೆರೆಯುವಂತೆ ಮಾಡಿದ ನಿರ್ದೇಶಕನು ಇವನೇ. ಆಕೆ ‘ಕಾಸಾಬ್ಲಾಂಕಾ’ದಲ್ಲಿ ಪ್ರತಿರೋಧ ನಾಯಕನ ಪತ್ನಿಯಾಗಿ ಕಾಣಿಸಿಕೊಂಡುದೂ 1942ರಲ್ಲಿಯೇ.

ಊರೆಲ್ಲ ತಲೆಬಾಗಿದರೂ ತಾನು ಬಾಗದೆ ಕಾಡು ಸೇರುವ ತರುಣ ಸ್ವೇದ್ಯೆಯೇ ಕಥೆಗೆ ನಾಯಕ; ಆಸ್ಕರ್ ಯುಂಗ್ ಆ ಪಾತ್ರವನ್ನು ಗಾಂಭೀರ್ಯದಿಂದಲೇ ನಿರ್ವಹಿಸಿದ್ದಾನೆ. ಆದರೆ ನನ್ನ ಮನಸ್ಸು ನಿಲ್ಲುವುದು ಊರ ಹಿರಿಯ ಯೋನ್ ಸ್ಟೋಂಗೆಯ ಬಳಿ. ಆಪತ್ಕಾಲದಲ್ಲಿ ಹಳ್ಳಿಯಿಂದ ಹಳ್ಳಿಗೆ ಕೈಯಿಂದ ಕೈಗೆ ಸಾಗಿ ಜನರನ್ನು ಎಬ್ಬಿಸುತ್ತಿದ್ದ ಮರದ ಕೋಲೊಂದು ಆಗ ಇತ್ತು. ಅದಕ್ಕೆ ಬೂಡ್‌ಕಾವ್ಲೆ ಎಂದು ಹೆಸರು. ಬಂದುದನ್ನು ತಡೆಯದೆ ಮುಂದಿನೂರಿಗೆ ದಾಟಿಸುವುದೇ ಧರ್ಮವಾಗಿತ್ತು. ಸ್ಟೋಂಗೆಯು ದುಷ್ಟನಲ್ಲ, ದ್ರೋಹಿಯೂ ಅಲ್ಲ. ಮನೆ ಮಠ ಉಳಿದರೆ ಸಾಕೆನ್ನುವ ಗೃಹಸ್ಥ. ಅಂಥವನು ಆ ಕೋಲನ್ನು ಗುಟ್ಟಾಗಿ ಮಣ್ಣಿನಲ್ಲಿ ಹೂತುಬಿಡುತ್ತಾನೆ, ಹೂತ ಮೇಲೆ ನೆಮ್ಮದಿಯನ್ನು ಕಳೆದುಕೊಳ್ಳುತ್ತಾನೆ. ಒಂದು ಕಾಲಕ್ಕೆ ಗಾರ್ಬೊಳೊಡನೆ ಮೂಕಚಿತ್ರದಲ್ಲಿ ನಟಿಸಿದ್ದ ಲಾರ್ಸ್ ಹಾನ್ಸನ್ ಈ ಅಳುಕನ್ನು ಮಾತಿಗಿಂತ ಹೆಚ್ಚಾಗಿ ಮುಖದಿಂದಲೇ ಆಡಿಸುತ್ತಾನೆ. ಚಿತ್ರದ ಚಾಟಿಯೇಟು ಹೊರಗಿನ ಆಕ್ರಮಣಕಾರನಿಗಿಂತ ಈ ಹಿರಿಯನಿಗೇ, ಅವನ ಮೂಲಕ ರೈಲು ಬಿಟ್ಟುಕೊಟ್ಟು ಬಾಯಿ ಮುಚ್ಚಿಕೊಂಡ ಸ್ವೀಡನ್ನಿಗೇ ಬೀಳುತ್ತದೆಂಬುದು ನನ್ನ ಅಭಿಪ್ರಾಯ. ಹಳೆಯ ಕಥೆಯೆಂಬ ಮುಸುಕು ಹೊದ್ದಿದ್ದರೂ ಅಂದಿನ ಪ್ರೇಕ್ಷಕರಿಗೆ ಮುಸುಕಿನೊಳಗಿನ ಮುಖ ತಿಳಿಯದಿರಲಿಲ್ಲ.

(ಅದೇ 1942ರಲ್ಲಿ ನಮ್ಮ ಶಿಕಾರಿಪುರ ತಾಲ್ಲೂಕಿನ ಈಸೂರಿನ ರೈತರೂ ಕಂದಾಯ ಕೊಡೆವೆಂದು ತಿರುಗಿ ನಿಂತರು, ಮರುವರ್ಷ ಐವರು ಗಲ್ಲಿಗೇರಿದರು. ಸ್ಮೋಲಾಂಡಿನ ಕಥೆ ನಮಗೆ ಪರಕೀಯವೆನಿಸದಿರುವುದು ಇದರಿಂದಲೂ ಇರಬಹುದು.)

ರಂಗಭೂಮಿಯ ಠೀವಿಯು ಸಂಭಾಷಣೆಗಳಲ್ಲಿ ಅಲ್ಲಲ್ಲಿ ಉಳಿದುಕೊಂಡಿದೆ. ಇಂದಿನ ಕಣ್ಣಿಗೆ ನಡೆಯೂ ನಿಧಾನವೇ. ಆದರೂ ಯುದ್ಧ ಮುಗಿದ ಮೇಲೆ ವೀರರ ಚಿತ್ರವನ್ನು ತೆಗೆಯುವುದು ಬೇರೆ, ಗೆಲುವು ಯಾರದೆಂದು ತಿಳಿಯದಿದ್ದಾಗ ಪಕ್ಕದ ಮನೆ ಉರಿಯುತ್ತಿರುವಂತೆಯೇ ತೆಗೆಯುವುದು ಬೇರೆ. ಪ್ರತಿರೋಧದ ಚಿತ್ರವೆಂದೊಡನೆ ‘ಕಾಸಾಬ್ಲಾಂಕಾ’ವನ್ನೇ ಮತ್ತೆ ಮತ್ತೆ ಪ್ರದರ್ಶಿಸುವ ನಮ್ಮ ಫಿಲ್ಮ್ ಸೊಸೈಟಿಗಳವರು ಒಮ್ಮೆ ಇದನ್ನೂ ತರಿಸಿ ತೋರಿಸಬೇಕು.